ಡೈರಿ ಹೊತ್ತಿಗೆ ನಿಂತ ಸಿನಿಮಾ

"ಒಂಬತ್ತನೇ ಕ್ಲಾಸು ದಾಟದ ದನ ನೀನು! ಊರೂರಿಗೆ ಜ್ಞಾನ ಹಂಚಕ್ಕೆ ನಿಂಗ್ಯಾರ್ಲಾ ಹೇಳಿದ್ದು?"

ಮದ್ದೂರಿನ ಮಳವಳ್ಳಿ ರಸ್ತೆಯಲ್ಲಿ, ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟುವ ಪೀರ್ ಪಾಷಾ ಅವರ ವರ್ಕ್‌ಶಾಪ್ ಮುಂದೆ ಸ್ಕೂಟಿ ನಿಂತಿದ್ದೇ ತಡ, ಈ ಮಾತು ಸಿಡಿಯಿತು.

ಎದುರಿನ ಟೀ ಅಂಗಡಿಯವರೆಲ್ಲ ಲೋಟ ಹಿಡಿದುಕೊಂಡೇ ತಿರುಗಿದರು. ಒಳಗೆ ಹಾರುತ್ತಿದ್ದ ವೆಲ್ಡಿಂಗ್ ಕಿಡಿ ತಟ್ಟನೆ ನಿಂತಿತು.

ಮುಖದ ಮುಂದಿನ ಕಪ್ಪು ಗಾಜು ಇಳಿಸಿ ಸಿದ್ದರಾಮು ಎದ್ದು ನಿಂತ. ಬಿಸಿಗೆ ಕೆಂಪಾದ ಮುಖ. ಅದಕ್ಕಿಂತ ಕೆಂಪಾದ ಕಣ್ಣು.

ಎದುರಿಗೆ ನರ್ಸ್ ಯೂನಿಫಾರಂನಲ್ಲಿ ಒಬ್ಬಳು ಹುಡುಗಿ. ಅಮೃತ. ಮಂಡ್ಯದ ಆಸ್ಪತ್ರೆಯೊಂದರ ಡಯಾಲಿಸಿಸ್ ವಾರ್ಡಿನಲ್ಲಿ ಸ್ಟಾಫ್ ನರ್ಸು. ಅತ್ತು ಅತ್ತು ಅವಳ ಕಣ್ಣು ಊದಿದ್ದವು. ಆದರೂ ರೆಪ್ಪೆ ಅಲುಗಿಸದೆ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಬೈಯೋದು ಮುಗೀತಾ? ಇಲ್ಲ, ಬಾಕಿ ಅದಾ?" ಅಂದ ಸಿದ್ದರಾಮು. "ಬಾಕಿ ಇದ್ರೆ ಬೈದ್ಬುಡು. ಆಮ್ಯಾಕೆ ಏನಕ್ಕೆ ಬೈದೆ ಅಂತ ಹೇಳು. ಓದ್ದೋರು ಮೊದ್ಲು ಕಾರಣ ಹೇಳ್ತಾರೆ ಅಂದ್ಕಂಡಿದ್ದೆ."

ಟೀ ಅಂಗಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಮೃತಳ ಮೈಯೆಲ್ಲ ಉರಿದುಹೋಯಿತು.

"ಕಾರಣ ಬೇಕಾ? ಭಾನುವಾರ ನಮ್ಮೂರಲ್ಲಿ ಸಿನಿಮಾ ತೋರ್ಸಿದ್ಯಲ್ಲ... ದೋಣಿ ಹಾಯ್ಸೋ ಮುದುಕಂದು? ಅದ ನೋಡಿ ನಮ್ಮಪ್ಪ ಡಯಾಲಿಸಿಸ್ ಬುಟ್ಟವ್ರೆ! ಎರಡು ಸಲ ತಪ್ಪಿಸವ್ರೆ! ಕಾಲು ಊದ್ಕಂಡು ಉಸುರು ಎಳೀತಾವ್ರೆ. ಕೇಳಿದ್ರೆ ಏನಂತಾರೆ ಗೊತ್ತಾ? 'ಆ ಮುದುಕ ಆಸ್ಪತ್ರೆ ಬುಟ್ಟು ಹೊಳೆ ದಂಡೆಗೆ ಬಂದು ರಾಜನಂಗೆ ಕೂತ್ಕಂಡ ಕಣವ್ವ, ನಾನೂ ಅಂಗೇ ಓಯ್ತೀನಿ' ಅಂತಾರೆ!"

ಅವಳ ದನಿ ಒಡೆಯಿತು. ಒಡೆದ ದನಿಯನ್ನೇ ಇನ್ನಷ್ಟು ಎತ್ತರಿಸಿದಳು.

"ನಮ್ಮಪ್ಪಂಗೆ ಏನಾದ್ರೂ ಆಗ್ಲಿ... ಈ ವರ್ಕ್‌ಶಾಪಿಗೇ ಬಂದು ನಿನ್ನ ಕತ್ತಿನ ಪಟ್ಟಿ ಹಿಡೀತೀನಿ!"

ಈಗ ಯಾರೂ ನಗಲಿಲ್ಲ.

ಸಿದ್ದರಾಮುವನ್ನು ಮಂಡ್ಯದಿಂದ ಮಳವಳ್ಳಿವರೆಗೆ ಫೋನಿನಲ್ಲಿ ನೋಡದವರು ಕಮ್ಮಿ. ಒಳ್ಳೆ ಸಿನಿಮಾ ಹುಡುಕಿ, 'ಇದ ನೋಡ್ರಲಾ, ಬದುಕೋ ಆಸೆ ಬತ್ತದೆ' ಅಂತ ಬೈಯುತ್ತಲೇ ಹೇಳುವವನು. ಭಾನುವಾರ ಬಂತೆಂದರೆ ಬೈಕಿಗೆ ಪ್ರೊಜೆಕ್ಟರ್ ಕಟ್ಟಿಕೊಂಡು ಯಾವುದಾದರೂ ಊರಿನ ಸಮುದಾಯ ಭವನಕ್ಕೆ ಹೋಗಿ, ಕಿಟಕಿಗೆಲ್ಲ ಬೆಡ್‌ಶೀಟು ಹೊದಿಸಿ, ಪುಕ್ಕಟೆ ಸಿನಿಮಾ ತೋರಿಸುವವನು. ಬೈಗುಳಕ್ಕೆ ಎದುರು ಬೈಗುಳ ಅವನ ನಾಲಗೆ ತುದಿಯಲ್ಲೇ ಇರುತ್ತಿತ್ತು.

ಆದರೆ ಆಗ ಅವನು ಕೇಳಿದ್ದು ಒಂದೇ.

"ಯಾವೂರು ನಿಂದು?"

"ಚಿಕ್ಕರಸಿನಕೆರೆ ಪಕ್ಕ."

ಅವನು ಕೈಲಿದ್ದ ಗ್ಲೌಸನ್ನು ನೆಲಕ್ಕೆ ಬಡಿದ.

"ಅಯ್ಯೋ ನಿಮ್ಮೂರೋರ ಡೈರಿ ಮನೆ ಹಾಳಾಗ! ನಿಮ್ಮಪ್ಪ ಅರ್ಧ ಸಿನ್ಮಾ ನೋಡವ್ರೆ ಕಣಮ್ಮಿ! ಇಂಟ್ರುವಲ್ ಗಂಟ ಅಷ್ಟೆ! ಡೈರಿ ಬಾಗ್ಲು ತೆಗ್ದ್ರು ಅಂತ ಯಾರೋ ಕೂಗಿದ್ರು ನೋಡು... ಇಡೀ ಊರು ಎದ್ದು ಹಾಲಿನ ಕ್ಯಾನು ಹಿಡ್ಕಂಡು ಓಡೋಯ್ತು! ನಂ ಜನಕ್ಕೆ ದೇವ್ರೇ ಪ್ರತ್ಯಕ್ಷ ಆದ್ರೂ, 'ಇರಪ್ಪ, ಹಾಲು ಹಾಕ್ಬುಟ್ಟು ಬತ್ತೀವಿ' ಅಂತಾರೆ!"

"ನೆಪ ಹೇಳ್ಬೇಡ!" ಅಂದಳು ಅಮೃತ. "ನನಗೆ ನಿನ್ನ ಸಿನಿಮಾ ಕತೆ ಬೇಡ. ನಮ್ಮಪ್ಪ ಬೇಕು!"

ಸ್ಕೂಟಿ ತಿರುಗಿಸಿ ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಕಣ್ಣು ಮಂಜು ಮಂಜು. *ಎಂಥಾ ಜಂಬ! ಒಂದು ಕ್ಷಮೆ ಕೇಳಲಿಲ್ಲ... ಒಂದು ಸಲ ತಲೆ ತಗ್ಗಿಸಲಿಲ್ಲ!*

ಅವಳು ಅಷ್ಟು ಜನರ ಮುಂದೆ ಅವನನ್ನು ದನ ಅಂದದ್ದು ಅವಳಿಗೆ ಆಗ ನೆನಪೇ ಇರಲಿಲ್ಲ.

ಅವತ್ತೇ ಸಾಯಂಕಾಲ, ಹಸು ಕರೆದು ಮುಗಿಯುವ ಹೊತ್ತಿಗೆ, ಅವರ ಮನೆ ಮುಂದೆ ಪೀರ್ ಪಾಷಾ ಅವರ ಹಳೇ ಓಮ್ನಿ ವ್ಯಾನು ಬಂದು ನಿಂತಿತು. ಇಳಿದವನು ಸಿದ್ದರಾಮು. ಕಂಕುಳಲ್ಲಿ ಪ್ರೊಜೆಕ್ಟರ್!

ಜಗುಲಿಯ ಮೇಲಿದ್ದ ಚಿಕ್ಕಪ್ಪ ನಾಗಯ್ಯ ಎದ್ದೇ ಬಿಟ್ಟ.

"ಲೇ, ಯಾವನ್ಲಾ ನೀನು? ಮನೇಲಿ ಮನುಷ್ಯ ಉಸುರು ಎಳೀತಾವ್ನೆ, ನೀನು ಸಿನ್ಮಾ ಡಬ್ಬ ಹೊತ್ಕಂಡು ಬಂದಿದ್ದೀಯ?"

"ಅರ್ಧ ಉಳಿದಿತ್ತು. ಮುಗ್ಸಕ್ ಬಂದೆ" ಅಂದ ಸಿದ್ದರಾಮು. ಸೀದಾ ಒಳಗೆ ನಡೆದ.

ನಡುಮನೆಯ ಚಾಪೆ ಮೇಲೆ ಗೋಡೆಗೆ ಒರಗಿ ನಿಂಗಯ್ಯ ಕೂತಿದ್ದರು. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ಪಕ್ಕದಲ್ಲಿ ಹೆಂಡತಿ ದೇವಿರಮ್ಮ ಬೀಸಣಿಗೆ ಬೀಸುತ್ತಿದ್ದಳು.

"ಯಜಮಾನ್ರೆ, ಆ ಮುದುಕ ಸಾಯಲ್ಲ" ಅಂದ ಸಿದ್ದರಾಮು, ಕೂರುವ ಮೊದಲೇ.

ನಿಂಗಯ್ಯ ನಕ್ಕರು. ನಗು ಕೆಮ್ಮಾಯಿತು. "ಓಗ್ಲಿ ಬುಡಪ್ಪ. ನಂಗೆ ಅಷ್ಟೇ ಸಾಕು. ಈಗ ಹಾಲು ಹಾಕೋ ಹೊತ್ತು. ಕ್ಯಾನು ತಕ್ಕಂಡು ನಾನೇ..."

ಏಳಲು ಹೋದರು. ಆಗಲಿಲ್ಲ.

ಅಮೃತ ಬಾಗಿಲಲ್ಲಿ ನಿಂತಿದ್ದಳು. ಅವನನ್ನು ಕುತ್ತಿಗೆ ಹಿಡಿದು ಹೊರಗೆ ದಬ್ಬಬೇಕು ಅನ್ನಿಸುತ್ತಿತ್ತು. ಆದರೆ ಅವನು ಮಾಡಿದ ಕೆಲಸ ನೋಡಿ ಕಾಲು ಅಲ್ಲೇ ಕಚ್ಚಿಕೊಂಡಿತು.

ಅವನು ಗೋಡೆಯ ಮೇಲೆ ಬೆಳಕು ಬಿಟ್ಟ. ಸಿನಿಮಾ ಇಂಟರ್‌ವೆಲ್‌ನಿಂದ ಹಚ್ಚಿದ. ಆಮೇಲೆ ಮೂಲೆಯಲ್ಲಿದ್ದ ಹಾಲಿನ ಕ್ಯಾನನ್ನು ತಾನೇ ಎತ್ತಿಕೊಂಡ.

"ಹಾಲು ನಾನು ಹಾಕ್ಬತ್ತೀನಿ. ಇವತ್ತೊಂದಿನ ಏಳ್ಬೇಡಿ ಯಜಮಾನ್ರೆ. ನಿಮ್ಮ ಕಾಲಿಗೆ ಬೀಳ್ತೀನಿ... ಏಳ್ಬೇಡಿ."

ಬೆಳಿಗ್ಗೆ ಅಷ್ಟು ಜನರೆದುರು ಬಗ್ಗದವನು ಈಗ ಕ್ಯಾನು ಹಿಡಿದುಕೊಂಡೇ ಅಪ್ಪನ ಕಾಲು ಮುಟ್ಟಿದ. ಅಮೃತ ಬಾಗಿಲಿನಿಂದ ಸರಿದು ಅವನಿಗೆ ದಾರಿ ಬಿಟ್ಟಳು.

ಅವನು ಹೋದ. ಸಿನಿಮಾ ಓಡುತ್ತಿತ್ತು.

ದೋಣಿಯ ಮುದುಕ ಹೊಳೆ ದಂಡೆಯಲ್ಲಿ ರಾಜನ ಹಾಗೆ ಕೂತಿದ್ದಾನೆ. ಬಂದವರೆಲ್ಲ 'ಏನ್ ಧೈರ್ಯ!' ಅನ್ನುತ್ತಾರೆ. ಅವನ ಹೆಂಡತಿಯೂ ನಗುನಗುತ್ತಾ 'ನನ್ನ ಗಂಡ ಯಾವುದಕ್ಕೂ ಹೆದರೋನಲ್ಲ' ಅನ್ನುತ್ತಾಳೆ. ಒಂದು ಮಧ್ಯಾಹ್ನ ಬಲೆ ತರಲು ಮನೆ ಹಿಂದಕ್ಕೆ ಹೋದ ಮುದುಕ ನಿಂತುಬಿಡುತ್ತಾನೆ. ಬಚ್ಚಲ ಗೋಡೆಗೆ ಮುಖ ಒತ್ತಿ, ಸದ್ದು ಬರದ ಹಾಗೆ ಸೆರಗು ಬಾಯಿಗೆ ತುರುಕಿಕೊಂಡು ಆ ಹೆಂಗಸು ಅಳುತ್ತಿದ್ದಾಳೆ...

ಮುದುಕ ಹಾಗೇ ಹೊಳೆಗೆ ಹಿಂತಿರುಗುತ್ತಾನೆ. ದೋಣಿ ಬಿಚ್ಚುತ್ತಾನೆ. ತಾನೇ ಹುಟ್ಟು ಹಾಕಿಕೊಂಡು ಆಚೆ ದಡದ ಆಸ್ಪತ್ರೆಗೆ ವಾಪಸು ಹೋಗುತ್ತಾನೆ. 'ಡಾಕ್ಟ್ರೇ, ನಂಗೆ ಬಲೇ ಹೆದ್ರಿಕೆ. ಆದ್ರೂ ಚುಚ್ಚಿ' ಅನ್ನುತ್ತಾನೆ.

ನಿಂಗಯ್ಯ ಪಕ್ಕಕ್ಕೆ ತಿರುಗಿದರು. ಬೀಸಣಿಗೆ ನೆಲದ ಮೇಲಿತ್ತು. ದೇವಿರಮ್ಮ ಅಲ್ಲಿರಲಿಲ್ಲ. ಅಡಿಗೆಮನೆಯಲ್ಲಿ ಪಾತ್ರೆ ಸದ್ದು ಜೋರಾಗಿತ್ತು... ತೊಳೆಯುವುದಕ್ಕೆ ಪಾತ್ರೆಯೇ ಇಲ್ಲದ ಹೊತ್ತಿನಲ್ಲಿ!

"ದೇವೀರಿ..." ಅಂದರು ನಿಂಗಯ್ಯ. "ಇಲ್ಲಿ ಬಾರೇ. ಮುಚ್ಚಿಟ್ಕಬೇಡ ಕಣೇ."

ಅವಳು ಬರಲಿಲ್ಲ. ಬಿಕ್ಕಿದ್ದು ಮಾತ್ರ ಕೇಳಿತು.

ಅಮೃತ ಓಡಿಬಂದು ಅಪ್ಪನ ಮೊಣಕಾಲ ಮೇಲೆ ತಲೆಯಿಟ್ಟಳು. "ಯಾಕಪ್ಪ? ಒಂದು ಸಿನಿಮಾ ನೋಡಿ ನಮ್ಮನ್ನ ಬುಟ್ಟು ಓಯ್ತೀಯಾ? ಅಷ್ಟು ಸಸಾರವಾದ್ವಾ ನಾವು?"

"ಸಿನ್ಮಾ ನೋಡಿ ಅಲ್ಲ ಕಣವ್ವ..." ನಿಂಗಯ್ಯ ಅವಳ ತಲೆ ಸವರಿದರು. "ಅದುಕ್ಕೂ ಮುಂಚೇನೇ. ನಿಮ್ಮ ಚಿಕ್ಕಪ್ಪ ಫೋನಲ್ಲಿ ಯಾರಿಗೋ ಅಂತಿದ್ದ... 'ನಮ್ಮಣ್ಣನ ಕಾಯ್ಲೆ ಇರೋಗಂಟ ಹುಡ್ಗಿಗೆ ಗಂಡು ಸಿಕ್ಕಲ್ಲ. ಆ ಜೀವ ಓದ್ರೇನೇ ಈ ಜೀವ ದಡ ಸೇರೋದು' ಅಂತ. ಕೇಳಿಸ್ಕಂಡೆ. ದಿಟ ಅನ್ನಿಸ್ತು. ನಿಮಗೆ ಎಂಗೇಳಾನ? ಸಿನ್ಮಾ ಒಂದು ನೆಪ ಸಿಕ್ತು."

ಅಮೃತ ತಲೆಯೆತ್ತಿದಳು. ಬಾಗಿಲಾಚೆ ಜಗುಲಿಯಲ್ಲಿ ನಾಗಯ್ಯನ ಚಪ್ಪಲಿ ಸರಕ್ಕನೆ ಸದ್ದು ಮಾಡಿತು. ಅವನು ಎದ್ದು ಹೋಗಿದ್ದ.

*ಬೈಯಬೇಕಾದವನು ಮನೆ ಜಗುಲಿಯ ಮೇಲೇ ಕೂತಿದ್ದ. ನಾನು ಮದ್ದೂರಿಗೆ ಹೋಗಿ ಯಾರನ್ನು ಬೈದೆ!*

"ನಿನಗಿಂತ ದೊಡ್ಡ ಗಂಡು ಯಾವನಪ್ಪ ನಂಗೆ ಬೇಕಾಗಿರೋದು?" ಅಂತ ಅತ್ತಳು. "ಎದ್ದೇಳು. ಶರ್ಟು ಹಾಕ್ಕೊ. ಈಗ್ಲೇ ಹೋಗಾಣ!"

ಖಾಲಿ ಕ್ಯಾನು ಹಿಡಿದು ಸಿದ್ದರಾಮು ವಾಪಸು ಬಂದಾಗ ನಿಂಗಯ್ಯ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಅವನು ಕ್ಯಾನು ಕೆಳಗಿಟ್ಟ. ಅವರನ್ನು ಎತ್ತಿಕೊಂಡು ಹೋಗಿ ಓಮ್ನಿಯಲ್ಲಿ ಕೂರಿಸಿದ.

ಅವಳು ಕೆಲಸ ಮಾಡುವ ಮಂಡ್ಯದ ಆಸ್ಪತ್ರೆಯಲ್ಲೇ ಡಾಕ್ಟರು ಅಮೃತಳಿಗೆ ಗದರಿದರು. "ಇನ್ನೊಂದು ದಿನ ತಡ ಆಗಿದ್ರೆ ಕಷ್ಟ ಆಗ್ತಿತ್ತು. ನೀವೇ ನರ್ಸ್ ಆಗಿ ಹೀಗೆ ಮಾಡಿದ್ರೆ?" ಅವಳು ತಲೆ ತಗ್ಗಿಸಿದಳು. ಮಿಷನ್ನು ಅಪ್ಪನ ರಕ್ತ ತೊಳೆಯಲು ಶುರು ಮಾಡಿದ ಮೇಲೆಯೇ ಅವಳಿಗೆ ಉಸಿರು ಬಂದದ್ದು.

ಹೊರಗೆ ಬೆಂಚಿನ ಮೇಲೆ ಅವನು ಕೂತಿದ್ದ.

"ತಪ್ಪಾಯ್ತು" ಅಂದಳು. "ಅಷ್ಟು ಜನದ ಮುಂದೆ..."

"ತಪ್ಪಾಯ್ತು ಅನ್ಬೇಡ." ಅವನ ದನಿ ಇನ್ನೂ ಒರಟೇ. "ನೀನು ಬೈದಿದ್ದು ಪೂರಾ ಸುಳ್ಳಲ್ಲ. ಅವತ್ತು ಜನ ಎದ್ದೋದ್ರು ಅಂತ ನಂಗೆ ಕ್ವಾಪ ಬಂತು. ಹಾಲು ಹಾಕಿ ಬತ್ತಾರೇನೋ ಅಂತ ಕಾಯ್ನಿಲ್ಲ. ಪ್ರೊಜೆಕ್ಟರ್ ಕಟ್ಕಂಡು ಬಂದ್ಬುಟ್ಟೆ. ನಿಮ್ಮಪ್ಪ ವಾಪಸು ಬಂದಿದ್ರಂತೆ. ಡೈರೀಲಿ ಹೇಳುದ್ರು. ಬೀಗ ಹಾಕಿದ್ದ ಬಾಗ್ಲು ನೋಡ್ಕಂಡು ಓದ್ರಂತೆ."

ಅವನು ಮುಖ ತಿರುಗಿಸಿಕೊಂಡ. ಆಗ ಮೊದಲ ಸಲ ಅಮೃತಳಿಗೆ ಕಂಡದ್ದು... ಈ ಸಿಟ್ಟೆಲ್ಲ ಜನರ ಮೇಲಿನದಲ್ಲ. ಜನ ಕೈಬಿಟ್ಟು ಹೋಗುತ್ತಾರೆ ಅನ್ನುವ ಭಯ!

"ಯಾಕೆ ನಿಂಗೆ ಈ ಸಿನಿಮಾ ಹುಚ್ಚು?" ಮೆಲ್ಲಗೆ ಕೇಳಿದಳು.

"ನಮ್ಮವ್ವ ತೀರ್ಕಂಡಾಗ ನಾನು ಊಟ ಬುಟ್ಟಿದ್ದೆ. ಸ್ಕೂಲೂ ಬುಟ್ಟೆ. ಪಾಷಾ ಅಣ್ಣ ಬಂದು ನನ್ನ ದರದರ ಎಳ್ಕಂಡು ಮಂಡ್ಯದ ಟಾಕೀಸಿಗೆ ಓಯ್ತು. ಸಮಾಧಾನ ಆಗ್ಲಿ ಅಂತ ದೇವ್ರ ಸಿನ್ಮಾ ತೋರುಸ್ತದೆ ಅಂದ್ಕಂಡಿದ್ದೆ. ಒಂದು ದೇವ್ರೂ ಇರ್ನಿಲ್ಲ ಆ ಸಿನ್ಮಾದಲ್ಲಿ. ಒಬ್ಬ ಗಾರೆ ಕೆಲಸದೋನು, ಬಿದ್ದೋಗಿರೋ ಗೋಡೆಯ ಒಂದೊಂದೇ ಇಟ್ಗೆ ಇಟ್ಟು ಎತ್ತುತಾನೆ, ಅಷ್ಟೆ. ಆಚೆ ಬಂದಾಗ ನಾನು ಅಂದೆ... 'ಅಣ್ಣ, ಹೊಟ್ಟೆ ಹಸೀತದೆ.'"

ಅವನು ಅಂಗೈ ಉಜ್ಜಿಕೊಂಡ.

"ಸಿನ್ಮಾ ನೋಡಿ ಎದ್ದ ಮ್ಯಾಲೆ ಹಸಿವಾಗ್ಬೇಕು. ಅದೇ ನಂಗೆ ದೇವ್ರ ಸಿನ್ಮಾ. ಯಾವನು ಏನಾದ್ರೂ ಅನ್ಕಳ್ಳಿ!"

ಬೆಳಗಿನಿಂದ ಒಂದು ತೊಟ್ಟು ನೀರೂ ಇಳಿದಿಲ್ಲ ಅಂತ ಅಮೃತಳಿಗೆ ಈಗ ತಿಳಿಯಿತು.

"ನಂಗೂ ಹಸೀತಾ ಅದೆ" ಅಂದಳು.

ಅವನು ನಕ್ಕ. ಆ ಒರಟು ಮುಖದಲ್ಲಿ ಅಂಥ ನಗು ಇರುತ್ತದೆ ಅಂತ ಯಾರು ಹೇಳಬೇಕಿತ್ತು! ಇಬ್ಬರೂ ಕ್ಯಾಂಟೀನಿನಲ್ಲಿ ಆರಿಹೋಗಿದ್ದ ಇಡ್ಲಿ ತಿಂದರು. ಅಷ್ಟು ರುಚಿಯಾದ ಇಡ್ಲಿ ಅಮೃತ ಅದಕ್ಕೂ ಮುಂಚೆ ತಿಂದಿರಲಿಲ್ಲ.

ಅಲ್ಲಿಂದ ವಾರಕ್ಕೆ ಮೂರು ಸಲ, ಡಯಾಲಿಸಿಸ್ ಇದ್ದ ದಿನವೆಲ್ಲ, ಓಮ್ನಿ ಮನೆ ಮುಂದೆ ಬಂದು ನಿಲ್ಲತೊಡಗಿತು. ಕಾರಣ ಕೇಳಿದರೆ, "ನಿಂಗಯ್ಯೋರ ಜೊತೆ ಮಾತಾಡಕ್ಕೆ" ಅನ್ನುತ್ತಿದ್ದ. ಆದರೆ ಕಣ್ಣು ಮಾತ್ರ ನಿಂಗಯ್ಯನವರ ಮೇಲೆ ಇರುತ್ತಿರಲಿಲ್ಲ.

ಡಯಾಲಿಸಿಸ್ ವಾರ್ಡು ನೋಡಿ ಅವನಿಗೆ ಖುಷಿಯೋ ಖುಷಿ.

"ನೋಡು, ಇದು ಕಣಮ್ಮಿ ಪ್ರೇಕ್ಷಕರು ಅಂದ್ರೆ! ನಾಲ್ಕು ಗಂಟೆ ಕೈಗೆ ಸೂಜಿ ಹಾಕ್ಕಂಡು ಮಲಗವ್ರೆ. ಒಬ್ಬನೂ ಹಾಲು ಹಾಕಕ್ಕೆ ಎದ್ದೋಗಂಗಿಲ್ಲ!"

ಅಕ್ಕಪಕ್ಕದ ಹಾಸಿಗೆಯವರೆಲ್ಲ ನಕ್ಕರು. ಅವನು ಒಬ್ಬೊಬ್ಬರ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಅವರ ಊರು ಮನೆ ವಿಚಾರಿಸಿ, ಅವರವರಿಗೆ ತಕ್ಕ ಸಿನಿಮಾ ಹೇಳುತ್ತಿದ್ದ. ಮಗನ ಜೊತೆ ಮಾತು ಬಿಟ್ಟಿದ್ದ ಮೇಷ್ಟ್ರಿಗೆ ಒಂದು. 'ನಂಗೆ ಬರೀ ಪೂಜೆ ಪುನಸ್ಕಾರದ್ದೇ ಬೇಕು' ಅನ್ನುತ್ತಿದ್ದ ಯಶೋದಮ್ಮನಿಗೆ ಮೂರು ಮುದುಕಿಯರು ಸೈಕಲ್ ಕಲಿಯುವ ಸಿನಿಮಾ! ಅದನ್ನು ನೋಡಿ ಯಶೋದಮ್ಮ ಎಷ್ಟು ನಕ್ಕಳೆಂದರೆ, ಮಿಷನ್ನು ಕುಂಯ್‌ಗುಟ್ಟಿ ಅಮೃತ ಓಡಿ ಬರಬೇಕಾಯಿತು.

"ಪೇಷಂಟುಗಳ್ನ ಇಷ್ಟು ನಗುಸ್ಬೇಡ" ಅಂತ ಗದರಿದಳು. "ಬಿ.ಪಿ. ಏರುತ್ತೆ. ಅದರ ಜವಾಬ್ದಾರಿ ನಂದು."

"ಆಯ್ತು ಮೇಡಮ್ಮೋರೆ. ಮುಂದಿನ ಸಲ ಕಮ್ಮಿ ನಗೋ ಸಿನ್ಮಾ ತತ್ತೀನಿ."

"ಎಲ್ಲಾರೂ ನನ್ನ ಸಿಸ್ಟರ್ ಅಂತಾರೆ. ನೀನೊಬ್ಬ ಮಾತ್ರ ಮೇಡಮ್ಮೋರೆ ಅಂತೀಯ. ಯಾಕೆ?"

ಅವನು ಕೆಂಪಾದ. ವೆಲ್ಡಿಂಗ್ ಬಿಸಿ ಅಲ್ಲಿ ಇರಲಿಲ್ಲ.

"ನಾನ್ಯಾಕ್ ಸಿಸ್ಟರ್ ಅನ್ಲಿ?" ಅಂದವನು ಸ್ಟೂಲು ಎತ್ತಿಕೊಂಡು ಬೇರೆ ಹಾಸಿಗೆ ಕಡೆ ಹೋಗಿಬಿಟ್ಟ. ಯಶೋದಮ್ಮ ಅಮೃತಳನ್ನು ನೋಡಿ ಕಣ್ಣು ಮಿಟುಕಿಸಿದಳು.

ಅವತ್ತು ಮನೆಗೆ ಬಂದ ಮೇಲೂ ಆ ಮೂರು ಪದ ಅವಳ ಕಿವಿಯಲ್ಲೇ ಇದ್ದವು. *ನಾನ್ಯಾಕ್ ಸಿಸ್ಟರ್ ಅನ್ಲಿ... ಅಯ್ಯೋ, ಹುಚ್ಚಿ! ಇದಕ್ಕೆ ಯಾರಾದರೂ ನಗ್ತಾರಾ ಒಬ್ಬೊಬ್ಬರೇ!*

ಆದರೆ ನಾಗಯ್ಯನಿಗೆ ಕಣ್ಣಿರಲಿಲ್ಲವೇ? ಇದ್ದವು.

ಒಂದು ಬೆಳಿಗ್ಗೆ, ಹೇಳದೆ ಕೇಳದೆ, ಮಂಡ್ಯದ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದ ರಘುನಂದನ್ ಎಂಬುವನನ್ನೂ ಅವನ ಅಪ್ಪ ಅಮ್ಮನನ್ನೂ ಕರೆದುಕೊಂಡು ಬಂದುಬಿಟ್ಟ. ಹೆಣ್ಣು ನೋಡುವ ಶಾಸ್ತ್ರ! ಅಕ್ಕಪಕ್ಕದವರೂ ಬಂದು ಅಂಗಳದಲ್ಲಿ ಕೂತರು. ದೇವಿರಮ್ಮ ದಿಕ್ಕು ತೋಚದೆ ಕಾಫಿಗೆ ಹಾಲು ಇಟ್ಟಳು.

ಹುಡುಗ ಕೆಟ್ಟವನೇನಲ್ಲ. ತಲೆ ತಗ್ಗಿಸಿ ಕೂತಿದ್ದ. ಮಾತೆಲ್ಲ ನಾಗಯ್ಯನದೇ.

"ಒಂದ್ ವಿಷ್ಯ ಮೊದ್ಲೇ ಹೇಳ್ಬುಡ್ತೀನಿ. ಮದ್ವೆ ಆದ್ಮ್ಯಾಲೆ ನಮ್ಮಣ್ಣನ ಆಸ್ಪತ್ರೆ ಓಡಾಟ ಹುಡ್ಗಿ ತಲೆ ಮ್ಯಾಲೆ ಇರಲ್ಲ. ಅದು ನಮ್ಮನೆ ಕರ್ಮ, ನಾವು ನೋಡ್ಕತೀವಿ. ಎಷ್ಟು ದಿನ ಇದ್ದಾತು ಬುಡಿ..."

ದನದ ಹಟ್ಟಿಯ ಪಕ್ಕದ ಕಲ್ಲಿನ ಮೇಲೆ ನಿಂಗಯ್ಯ ಆಸ್ಪತ್ರೆಗೆ ಹೊರಡಲು ಶರ್ಟು ಹಾಕಿಕೊಂಡು ಕೂತಿದ್ದರು. ಈ ಮಾತು ಕೇಳಿ, ಹಾಕಿದ ಗುಂಡಿಯನ್ನು ಮೆಲ್ಲಗೆ ಬಿಚ್ಚತೊಡಗಿದರು.

ಅಮೃತ ಅದನ್ನು ನೋಡಿದಳು.

ಅಷ್ಟೇ ಸಾಕಾಯಿತು! ಕಾಫಿ ತಟ್ಟೆಯನ್ನು ಜಗುಲಿಯ ಮೇಲೆ ಇಟ್ಟು ಅಂಗಳದ ನಡುವೆ ಬಂದು ನಿಂತಳು.

"ಚಿಕ್ಕಪ್ಪ, ಬಾಯಿ ಮುಚ್ಚು."

ಅಂಗಳದವರೆಲ್ಲ ಅವಳ ಕಡೆ ತಿರುಗಿದರು.

"ನಿನ್ನ ಮಾತು ಕೇಳಿ ಒಂದು ಸಲ ನಮ್ಮಪ್ಪ ಸಾವಿನ ಬಾಗ್ಲು ನೋಡಿ ಬಂದವ್ರೆ. ಎರಡನೇ ಸಲ ಬುಡಲ್ಲ. ನಮ್ಮಪ್ಪ ಯಾರ ಕರ್ಮಾನೂ ಅಲ್ಲ." ರಘುನಂದನ್ ಕಡೆ ತಿರುಗಿದಳು. "ನಿಮ್ಮ ಮೇಲೆ ನಂಗೆ ಕೋಪ ಇಲ್ಲ ಸಾರ್. ಕಾಫಿ ಕುಡ್ದು ಹೋಗಿ. ಈ ಮದ್ವೆ ಆಗಲ್ಲ."

"ಯಾಕಾಗಲ್ಲ?" ನಾಗಯ್ಯ ಅಬ್ಬರಿಸಿದ. "ಆ ವೆಲ್ಡಿಂಗ್‌ನೋನು ತಲೆಗ್ ಹತ್ತವ್ನಾ?"

ಹೊತ್ತಿಗೆ ಸರಿಯಾಗಿ ಓಮ್ನಿ ಬಂದು ನಿಂತಿತ್ತು. ಸಿದ್ದರಾಮು ಬೇಲಿ ಪಕ್ಕ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನ ಮುಷ್ಟಿ ಬಿಗಿದಿತ್ತು.

"ಹೂಂ" ಅಂದಳು ಅಮೃತ. "ಹತ್ತವ್ನೆ."

ದೇವಿರಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಲೇ!" ನಾಗಯ್ಯ ಬೇಲಿ ಕಡೆ ಬೆರಳು ಮಾಡಿದ. "ಒಂದು ಗುಂಟೆ ಜಮೀನಿಲ್ಲ, ಎಸ್ಸೆಸ್ಸೆಲ್ಸಿ ಆಗಿಲ್ಲ. ಏನ್ಲಾ ನಿನ್ ಯೋಗ್ಯತೆ? ಬಾಯ್ ಬುಟ್ಟು ಹೇಳು ನೋಡವ, ಈ ಜನದ ಮುಂದೆ!"

ಸಿದ್ದರಾಮುವಿನ ದವಡೆ ಅಲುಗಿತು. ಎಲ್ಲರೂ ಕಾದರು. ಅವನು ನೋಡುತ್ತಿದ್ದುದು ನಾಗಯ್ಯನನ್ನಲ್ಲ, ನಿಂಗಯ್ಯನವರ ಬಿಚ್ಚಿದ ಶರ್ಟನ್ನು.

ಅಮೃತ ಅವನ ಹತ್ತಿರಕ್ಕೆ ನಡೆದು ಬಂದಳು. ತಲೆ ಎತ್ತಿಕೊಂಡೇ ಬಂದಳು.

"ನಾನು ಮಾತು ಮುಚ್ಚಿಟ್ಕಳ್ಳೋಳಲ್ಲ" ಅಂದಳು. "ನಿಂಗೆ ಗೊತ್ತಲ್ಲ."

"ಗೊತ್ತು." ಅವನ ದನಿ ಗುಸುಗುಸು. "ಮದ್ದೂರಿಗೇ ಗೊತ್ತು."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ನಂಗೆ ನೀನು ಬೇಕು. ನಮ್ಮಪ್ಪನ್ನ ಬುಟ್ಟು ಬರಲ್ಲ. ಕೆಲಸ ಬುಡಲ್ಲ. ಬೈಯೋದಂತೂ ಬುಡಲ್ಲ."

"ಬುಡು ಅಂದೋರ್ಯಾರು?"

"ಹಂಗಾರೆ ಹೇಳು." ಅವನ ಕಣ್ಣಲ್ಲಿ ಕಣ್ಣಿಟ್ಟಳು. "ನನ್ನ ಮದ್ವೆ ಆಯ್ತೀಯ, ಸಿದ್ದರಾಮು?"

ಅವನು ಬಾಯಿ ತೆರೆದ. ಬೈಗುಳಕ್ಕೆ ತಡವರಿಸದ ನಾಲಗೆ ಈಗ ಕೈಕೊಟ್ಟಿತು. ಕಣ್ಣಂಚಿನಲ್ಲಿ ನೀರು ತುಂಬಿ ನಿಂತಿತ್ತು. ಅದನ್ನು ತೋಳಿನಲ್ಲಿ ಒರಟಾಗಿ ಒರೆಸಿಕೊಂಡ.

"ಯೋಗ್ಯತೆ ಕೇಳಿದ್ರೆ ಬಾಯಿಲ್ಲ ನೋಡ್ರಲಾ!" ಅಂದ ನಾಗಯ್ಯ.

ಸಿದ್ದರಾಮು ಅಮೃತಳ ಪಕ್ಕದಿಂದ ಹಾದು, ಜನರ ನಡುವೆ ದಾರಿ ಮಾಡಿಕೊಂಡು, ಹಟ್ಟಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದ ನಿಂಗಯ್ಯನವರ ಕಡೆಗೆ ನಡೆದುಹೋದ. ಅವರ ಮುಂದೆ ಮೊಣಕಾಲೂರಿ, ಬಿಚ್ಚಿದ್ದ ಶರ್ಟಿನ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತಾ, "ಏಳಿ ಮಾವ, ಆಸ್ಪತ್ರೆಗೆ ಹೊತ್ತಾಯ್ತು" ಅಂದ.